ಗುಬ್ಬಕ್ಕ ಬಾಗಿಲು ಯಾಕೆ ತೆಗೆಯಲಿಲ್ಲ?

ಜೋರು ಮಳೆ. ಕಾಗಕ್ಕನ ಸಗಣಿ ಮನೆ ಕರಗಿ ಹರಿದುಹೋಗುತ್ತದೆ. ತೊಯ್ದು ತೊಪ್ಪೆಯಾದ ಕಾಗಕ್ಕ ಗುಬ್ಬಕ್ಕನ ಮನೆಗೆ ಬಂದು ಬಾಗಿಲು ಬಡಿಯುತ್ತದೆ. ಒಳಗಿನಿಂದ ಒಂದಾದ ಮೇಲೊಂದು ನೆವ. ಮರಿಗೆ ಎರೆಯುವುದಿದೆ, ಮೈ ಒರೆಸುವುದಿದೆ, ಮಲಗಿಸುವುದಿದೆ. ಕಾಗಕ್ಕ ಹೊರಗೆ ನಡುಗುತ್ತ ನಿಂತೇ ಇರುತ್ತದೆ. ಕನ್ನಡದ ಮನೆಗಳಲ್ಲಿ ಈ ಕಥೆ ಕೇಳದೆ ಬೆಳೆದ ಮಕ್ಕಳು ಕಡಿಮೆ. ಮರಾಠಿ ಮನೆಗೆ ಹೋದರೆ ಅಲ್ಲಿಯೂ ಅದೇ ಮಳೆ, ಅದೇ ಬಾಗಿಲು. ಹೆಸರು ಮಾತ್ರ ಕಾವು, ಚಿವು. ಕನ್ನಡದ ಗುಬ್ಬಿಗೆ ಹೆಚ್ಚಾಗಿ ಕಲ್ಲಿನ ಮನೆಯಾದರೆ ಮರಾಠಿಯ ಗುಬ್ಬಿಗೆ ಮೇಣದ ಮನೆ.

ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗಾಗಿ ಓದಿನ ಕೂಟ ಕಟ್ಟಬೇಕು ಎನ್ನುವವರಿಗೆ ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಔರಾದ್ ತಾಲ್ಲೂಕಿನ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಭಾಲ್ಕಿಯ ಸಂತೆಯಲ್ಲಿ, ಬೀದರ್‌ನ ಓಣಿಗಳಲ್ಲಿ, ಊರಂಚಿನ ಕೊಳಾರ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಒಂದರೊಳಗೊಂದು ಬೆರೆತು ಕಿವಿಗೆ ಬೀಳುತ್ತವೆ. ಶಾಲೆಯ ಪುಸ್ತಕದ ಕನ್ನಡ ಇಲ್ಲಿನ ಎಷ್ಟೋ ಮಕ್ಕಳಿಗೆ ಎರಡನೆಯ ಮಾತು, ಕೆಲವರಿಗೆ ಮೂರನೆಯದು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 70.51 ಇತ್ತು, ರಾಜ್ಯದ ಸರಾಸರಿ ಶೇ. 75.36. ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದ ಕೈ ಮಗುವಿನದೇ ಆಗಿರುವ ಮನೆಗಳು ಇಲ್ಲಿ ಅಪರೂಪವಲ್ಲ.

ಅಂಥ ಕಡೆ ಓದಿನ ಕೂಟವೆಂದರೆ ಸುತ್ತ ಕೂತು ಪುಸ್ತಕ ಓದಿ, ನೀತಿ ಏನೆಂದು ಕೇಳಿ ಮನೆಗೆ ಕಳಿಸುವುದಾದರೆ ಎರಡನೇ ವಾರಕ್ಕೆ ಅರ್ಧ ಮಕ್ಕಳು ಬರುವುದಿಲ್ಲ. ಸರಾಗವಾಗಿ ಓದಬಲ್ಲ ನಾಲ್ಕು ಮಕ್ಕಳು ಮುಂದೆ ಕೂರುತ್ತಾರೆ. ತಡವರಿಸುವವರು ಹಿಂದೆ ಸರಿದು ಗೋಡೆಗೆ ಒರಗುತ್ತಾರೆ. ಮಾತುಕತೆ, ಕೈಕೆಲಸ, ತಿಂಡಿ ಈ ಮೂರೂ ಕೂಟದಲ್ಲಿ ಬೇಕೇ ಬೇಕು ಎನ್ನುವುದು ಇದಕ್ಕಾಗಿ. ಅಕ್ಷರದಲ್ಲಿ ತಡವರಿಸುವ ಮಗು ಮಣ್ಣು ಕಲಸುವುದರಲ್ಲಿ ಎಲ್ಲರಿಗಿಂತ ಮುಂದಿರಬಹುದು. ಓದಲು ನಾಚುವ ಹುಡುಗಿಗೆ ಶೇಂಗಾ ಹುರಿಯುವ ಹದ ಚೆನ್ನಾಗಿ ಗೊತ್ತಿರಬಹುದು. ತಿಂಡಿಯನ್ನು ಮಕ್ಕಳನ್ನು ಕರೆತರುವ ಆಮಿಷ ಎಂದು ತಿಳಿದವರು ಅದನ್ನು ಕೊನೆಯಲ್ಲಿ ಹಂಚಿ ಮುಗಿಸಿಬಿಡುತ್ತಾರೆ. ಕಥೆಯೊಳಗಿನ ತಿಂಡಿಯನ್ನು ಮಕ್ಕಳ ಕೈಯಿಂದಲೇ ಮಾಡಿಸಿದರೆ ಅದೂ ಓದಿನ ಭಾಗವಾಗುತ್ತದೆ.

ಪುಸ್ತಕದ ಜತೆಗೆ ಬೀದರ್ ಊರಿನ ನಂಟು ಇಂದಿನದಲ್ಲ. ಬಹಮನಿ ಅರಸರ ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದರಸಾದಲ್ಲಿ ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಭಂಡಾರವಿತ್ತು ಎನ್ನುತ್ತಾರೆ. 1696ರಲ್ಲಿ ನಡೆದ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹಾಳಾಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ತುಣುಕುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ.

ಭಾಲ್ಕಿಯ ಕಥೆ ಇನ್ನೂ ಹತ್ತಿರದ್ದು. ನಿಜಾಮರ ಆಡಳಿತದಲ್ಲಿ ಶಾಲೆಯ ಭಾಷೆ ಉರ್ದು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಗಡಿಭಾಗದ ಹಿರಿಯರು ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬ ತೊಡಕನ್ನು ಈ ನೆಲದ ಮಕ್ಕಳು ಆಗಲೂ ಕಂಡಿದ್ದರು, ಈಗಲೂ ಕಾಣುತ್ತಿದ್ದಾರೆ. ಮರಾಠಿ ಮನೆಯ ಮಗು ಇಂದು ಕನ್ನಡದ ಕೂಟಕ್ಕೆ ಬಂದು ಕೂತಾಗ, ಆ ಮಗುವಿನ ಕಾವು-ಚಿವುಗೂ ಅಲ್ಲಿ ಜಾಗ ಇರಬೇಕು.

ಕೂಟಕ್ಕೆ ಜಾಗ ಎಲ್ಲಿ ಎಂದು ಹುಡುಕುತ್ತ ಅಲೆಯಬೇಕಾಗಿಲ್ಲ. ಕರ್ನಾಟಕದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳು ಬಾಗಿಲು ಹಾಕಿ ಮಕ್ಕಳು ಅಕ್ಷರ ಮರೆಯತೊಡಗಿದಾಗ, 2020ರ ನವೆಂಬರ್ 14ರಂದು ಸರ್ಕಾರ ‘ಓದುವ ಬೆಳಕು’ ಕಾರ್ಯಕ್ರಮ ಶುರುಮಾಡಿತು. ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪತ್ರಿಕೆ ಓದಲು ಬರುವ ಹಿರಿಯರದೇ ಎನಿಸಿಕೊಂಡಿದ್ದ ಕೋಣೆಗಳಿಗೆ ಮಕ್ಕಳು ನುಗ್ಗಿದರು. ಗಟ್ಟಿ ಓದು, ಕಥೆ ಹೇಳುವುದು, ಚಿತ್ರ ಬರೆಯುವುದು ನಡೆಯತೊಡಗಿತು. ಈಗ ಇವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು. ಅಲ್ಲಿ ಇರುವುದು ಸಾಮಾನ್ಯವಾಗಿ ಒಬ್ಬರೇ ಗ್ರಂಥಾಲಯ ಮೇಲ್ವಿಚಾರಕರು. ರಿಜಿಸ್ಟರು, ಪತ್ರಿಕೆ, ಕಂಪ್ಯೂಟರು, ಕಸಬರಿಗೆ ಎಲ್ಲ ಅವರದೇ ಕೈಯಲ್ಲಿ. ವಾರಕ್ಕೆ ಒಂದೂವರೆ ಗಂಟೆ ಕೊಡಬಲ್ಲ ಒಬ್ಬ ಮೇಷ್ಟ್ರು, ಅಂಗನವಾಡಿಯ ಅಕ್ಕ, ಕಾಲೇಜು ಹುಡುಗ ಯಾರಾದರೂ ಜತೆಯಾದರೆ ಕೂಟ ನಿಲ್ಲುತ್ತದೆ.

ಬೀರುವಿನ ಬೀಗದ ಮಾತನ್ನೂ ಇಲ್ಲಿಯೇ ಆಡಬೇಕು. ಮಕ್ಕಳು ಹರಿದುಬಿಡುತ್ತಾರೆ ಎಂದು ಒಳ್ಳೆಯ ಪುಸ್ತಕಗಳನ್ನು ಗಾಜಿನ ಹಿಂದೆ ಇಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಪುಟ ಹರಿದರೆ ಅಂಟಿಸಬಹುದು, ಅದೂ ಮಕ್ಕಳ ಕೈಯಿಂದಲೇ. ಕೂಟದ ಒಂದು ಕೈಕೆಲಸವಾಗಿ ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಸಿದರೆ ಮಕ್ಕಳು ಆ ಪುಸ್ತಕಗಳನ್ನು ತಮ್ಮವೆಂದು ನೋಡಿಕೊಳ್ಳುತ್ತಾರೆ.

ಮೊದಲ ಭಾನುವಾರ ಹೇಗಿರಬಹುದು? ಹನ್ನೆರಡರಿಂದ ಹದಿನೈದು ಮಕ್ಕಳು ಸಾಕು. ಹೆಚ್ಚಾದರೆ ಎರಡು ಗುಂಪು ಮಾಡುವುದು ಲೇಸು. ಒಬ್ಬರು ಕಾಗಕ್ಕ-ಗುಬ್ಬಕ್ಕನ ಕಥೆ ಹೇಳಲಿ. ಮರಾಠಿ ಬಲ್ಲ ಮಗು ತನ್ನ ಮನೆಯ ಕಥೆಯನ್ನು ಮರಾಠಿಯಲ್ಲೇ ಹೇಳಲಿ. ಎರಡನ್ನೂ ಕೇಳಿದ ಮಕ್ಕಳು ತಾವಾಗಿಯೇ ಹೋಲಿಸತೊಡಗುತ್ತಾರೆ: ನಿಮ್ಮ ಗುಬ್ಬಿಗೆ ಮೇಣದ ಮನೆ ಯಾಕೆ, ನಮ್ಮ ಗುಬ್ಬಿಗೆ ಕಲ್ಲಿನದು ಯಾಕೆ?

ನಂತರ ಅಂಗಳಕ್ಕೆ. ನಾಲ್ಕು ಗುಂಪಿಗೆ ನಾಲ್ಕು ಮನೆ. ಒಂದು ಗುಂಪು ಸಗಣಿಯಲ್ಲಿ ಕಟ್ಟಲಿ, ಇನ್ನೊಂದು ಮಣ್ಣಿನಲ್ಲಿ, ಮತ್ತೊಂದು ಸಣ್ಣ ಕಲ್ಲುಗಳಲ್ಲಿ. ನಾಲ್ಕನೆಯದು ಮೇಣದ ಮನೆ. ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಅಂಗೈಯಲ್ಲಿ ಮೆತ್ತಗೆ ಮಾಡಿ ಕಾಗದದ ಪೆಟ್ಟಿಗೆಗೆ ಒತ್ತಿ ಬಳಿಯಬೇಕು. ಎಲ್ಲ ಮನೆಗಳೊಳಗೂ ಒಂದೊಂದು ಚೂರು ಒಣ ಹತ್ತಿ ಇಡಬೇಕು, ಅದೇ ಮರಿ. ಈಗ ತೂತು ಮಾಡಿದ ಡಬ್ಬಿಯಿಂದ ಒಂದೇ ಅಳತೆಯ ನೀರನ್ನು ನಾಲ್ಕರ ಮೇಲೂ ಸುರಿಯುವುದು. ಯಾರ ಮನೆಯ ಹತ್ತಿ ಒದ್ದೆಯಾಯಿತು ಎಂದು ಬೆರಳಿನಿಂದ ಮುಟ್ಟಿ ನೋಡುವಾಗ ಮಕ್ಕಳ ಉಸಿರು ನಿಂತಿರುತ್ತದೆ. ಕಲ್ಲಿನ ಮನೆ ನಿಲ್ಲುತ್ತದೆ, ಆದರೆ ಸಂದಿಯಲ್ಲಿ ನೀರು ಇಳಿದು ಮರಿ ತೊಯ್ಯಬಹುದು. ಮೇಣದ ಮೇಲೆ ನೀರು ಮಣಿಯಾಗಿ ಉರುಳಿಹೋಗುತ್ತದೆ. ಮರಾಠಿ ಗುಬ್ಬಿಗೆ ಮೇಣದ ಮನೆ ಯಾಕೆಂಬುದಕ್ಕೆ ಒಂದು ಉತ್ತರ ಅಂಗಳದಲ್ಲೇ ಸಿಕ್ಕಿತು. ಬಿಸಿಲು ಬಂದರೆ ಏನಾಗುತ್ತದೆ ಎಂದು ಯಾವುದಾದರೂ ಮಗು ಕೇಳದೆ ಬಿಡುವುದಿಲ್ಲ, ಅದೂ ಬೀದರ್‌ನ ಬಿಸಿಲು.

ಕೈ ತೊಳೆದು ಒಳಗೆ ಬಂದ ಮೇಲೆ ಮಾತು. “ಈ ಕಥೆಯ ನೀತಿ ಏನು?” ಎಂಬ ಪ್ರಶ್ನೆಯನ್ನು ಮಾತ್ರ ಕೇಳಬಾರದು. ಅದನ್ನು ಕೇಳಿದರೆ ಮಕ್ಕಳು ದೊಡ್ಡವರ ಮುಖ ನೋಡಿ, ಅವರಿಗೆ ಬೇಕಾದ ಉತ್ತರ ಕೊಟ್ಟುಬಿಡುತ್ತಾರೆ. ಇಂಗ್ಲೆಂಡಿನ ಮಕ್ಕಳ ಸಾಹಿತಿ ಏಡನ್ ಚೇಂಬರ್ಸ್ 1993ರಲ್ಲಿ ಬರೆದ ‘ಟೆಲ್ ಮಿ’ ಪುಸ್ತಕದಲ್ಲಿ ಮಕ್ಕಳೊಡನೆ ಪುಸ್ತಕದ ಬಗ್ಗೆ ಮಾತಾಡಲು ನಾಲ್ಕು ದಾರಿಗಳನ್ನು ತೋರಿಸಿದರು. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಎಲ್ಲಿ ಗೊಂದಲವಾಯಿತು, ಏನೇನು ಮತ್ತೆ ಮತ್ತೆ ಬಂತು ಅಥವಾ ಒಂದಕ್ಕೊಂದು ಹೊಂದಿಕೊಂಡಿತು. ಇಷ್ಟೇ. ಇವುಗಳಿಗೆ ತಪ್ಪು ಉತ್ತರವೇ ಇಲ್ಲ. ಬೀದರ್‌ನ ಮಾತಿನಲ್ಲಿ ಕೇಳಿದರೆ ಇನ್ನೂ ಹತ್ತಿರ: “ನಿನಗ ಯಾನ್ ಸೇರ್ತು? ಯಾನ್ ಸೇರ್ಲಿಲ್ಲ? ಯಾನ್ ತಿಳೀಲಿಲ್ಲ?”

ಕಾಗಕ್ಕನ ಕಥೆಯಲ್ಲಿ ಮಕ್ಕಳು ಜಗಳಕ್ಕೆ ನಿಲ್ಲುವ ಜಾಗ ಬಾಗಿಲು. ಗುಬ್ಬಕ್ಕ ಯಾಕೆ ಅಷ್ಟು ಹೊತ್ತು ತೆಗೆಯಲಿಲ್ಲ? ಮನೆಯಲ್ಲಿ ಮರಿ ಇತ್ತು, ಹೆದರಿಕೆ ಎನ್ನುವವರು ಒಂದು ಕಡೆ. ಮಳೆಯಲ್ಲಿ ನಿಂತವರನ್ನು ಕಾಯಿಸುವುದು ಸರಿಯೇ ಎನ್ನುವವರು ಇನ್ನೊಂದು ಕಡೆ. ಕಾಗಕ್ಕನೂ ಮೊದಲೇ ಒಳ್ಳೆಯ ಮನೆ ಕಟ್ಟಿಕೊಳ್ಳಬೇಕಿತ್ತು ಎಂದರೆ, ಅದಕ್ಕೆ ಸಿಕ್ಕಿದ್ದು ಸಗಣಿ ಮಾತ್ರವಾದರೆ ಏನು ಮಾಡಬೇಕಿತ್ತು ಎಂಬ ಮರುಪ್ರಶ್ನೆ. ಮಣ್ಣಿನ ಮನೆಯ ಮಾಡು ಸೋರುವುದನ್ನು ಕಂಡ ಮಗುವಿಗೆ ಈ ಪ್ರಶ್ನೆ ಕಥೆಯದಷ್ಟೇ ಅಲ್ಲ. ನಡೆಸುವವರು ಇಲ್ಲಿ ತೀರ್ಪು ಕೊಡದೆ ಸುಮ್ಮನಿರುವುದು ಬಹಳ ಮುಖ್ಯ, ಬಹಳ ಕಷ್ಟವೂ ಹೌದು.

ಇನ್ನು ತಿಂಡಿ. ಕಥೆಯ ಕೆಲವು ಪಾಠಗಳಲ್ಲಿ ಒಳಗೆ ಬಂದ ಕಾಗೆ ರಾತ್ರಿಯೆಲ್ಲ ಕಟಂಕಟಂ ಎಂದು ಕಾಳು ಕಡಿಯುತ್ತದೆ. ಹಾಗಾಗಿ ಪುಠಾಣಿ ಉಂಡಿಯೇ ತಕ್ಕದ್ದು. ಒಲೆ ಹಚ್ಚುವ ಕೆಲಸವಿಲ್ಲ. ಎರಡು ಬಟ್ಟಲು ಪುಠಾಣಿ, ಮನೆಯಿಂದ ಹುರಿದು ತಂದ ಶೇಂಗಾ ಒಂದು ಬಟ್ಟಲು, ಕುಟ್ಟಿದ ಬೆಲ್ಲ ಒಂದೂವರೆ ಬಟ್ಟಲು, ಎರಡು ಚಮಚ ಎಳ್ಳು, ಒಂದೆರಡು ಏಲಕ್ಕಿ, ಎರಡು ದೊಡ್ಡ ಚಮಚ ತುಪ್ಪ. ಆರು ವರ್ಷದವರು ಶೇಂಗಾದ ಸಿಪ್ಪೆ ತಿಕ್ಕಿ ಊದಲಿ. ಎಂಟು-ಹತ್ತರವರು ಬೋರ್ಡಿನ ಮೇಲೆ ಬರೆದ ಅಳತೆ ಗಟ್ಟಿಯಾಗಿ ಓದಿ ಸುರಿಯಲಿ. ದೊಡ್ಡವರು ಕುಟ್ಟಲಿ. ಪುಠಾಣಿಯನ್ನು ಹಿಟ್ಟಾಗುವಂತೆ, ಶೇಂಗಾವನ್ನು ತರಿತರಿಯಾಗಿ ಕುಟ್ಟಬೇಕು. ಬೆಲ್ಲ, ಎಳ್ಳು, ಏಲಕ್ಕಿ ಸೇರಿಸಿ ಮತ್ತೊಮ್ಮೆ ಕುಟ್ಟಿದಾಗ ಶೇಂಗಾದ ಎಣ್ಣೆ ಬಿಟ್ಟು ಮಿಶ್ರಣ ಅಂಗೈಗೆ ಅಂಟತೊಡಗುತ್ತದೆ. ಆಗ ತುಪ್ಪ ಹಾಕಿ ಉಂಡಿ ಕಟ್ಟುವುದು. ಉಂಡಿ ಒಡೆದರೆ ಇನ್ನರ್ಧ ಚಮಚ ತುಪ್ಪ. ಯಾವ ಮಗುವಿಗಾದರೂ ಶೇಂಗಾ ಒಗ್ಗುವುದಿಲ್ಲವೇ ಎಂದು ಹಿಂದಿನ ವಾರವೇ ಮನೆಯವರನ್ನು ಕೇಳಿರಬೇಕು, ಇದರಲ್ಲಿ ಉದಾಸೀನ ಕೂಡದು. ಪಾಠದ ಪುಟವನ್ನು ಓದಲು ಹಿಂಜರಿಯುವ ಮಗುವೂ “ಒಂದೂವರೆ ಬಟ್ಟಲು” ಎಂಬುದನ್ನು ತಪ್ಪಿಲ್ಲದೆ ಓದಲು ಎರಡು ಸಲ ನೋಡುತ್ತದೆ, ಯಾಕೆಂದರೆ ತಪ್ಪಿದರೆ ಉಂಡಿ ಕೆಡುತ್ತದೆ.

ಮುಂದಿನ ವಾರಗಳಿಗೆ ಪುಸ್ತಕ ಬೇಕು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವುದು ಹಿರಿಯರು ಶ್ರದ್ಧೆಯಿಂದ ಮಾಡಿದ ಕೆಲಸ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗೆಂದು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದರು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಈ ಗೌರವ ಪಡೆದವು. ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವಾಗ ಇಂಥ ಪಟ್ಟಿ ಕೈಯಲ್ಲಿದ್ದರೆ ಆಯ್ಕೆ ಸುಲಭ. ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಮಕ್ಕಳ ಸಾಹಿತ್ಯಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ತೆರೆದು, ಶಾಲೆಗಳಲ್ಲಿ ಓದುಗರ ಕ್ಲಬ್ ಕಟ್ಟುವುದಕ್ಕೆ ಒತ್ತಾಸೆಯಾಗಿ ನಿಂತಿತು.

ಹಲವು ಭಾಷೆಯ ಬೀದರ್‌ಗೆ ಹೇಳಿ ಮಾಡಿಸಿದಂಥದ್ದು ಇನ್ನೊಂದಿದೆ. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್‌ನಲ್ಲಿ ‘ಸ್ಟೋರಿವೀವರ್’ ಎಂಬ ತೆರೆದ ಭಂಡಾರ ಶುರುಮಾಡಿತು. ಅಲ್ಲಿನ ಕಥೆಗಳನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಬಹುದು, ತಾವೇ ಅನುವಾದವನ್ನೂ ಮಾಡಬಹುದು. ಒಂದೇ ಚಿತ್ರ, ಒಂದೇ ಕಥೆ, ಭಾಷೆ ಮಾತ್ರ ಬೇರೆ ಬೇರೆಯಾಗಿ ಎಷ್ಟೋ ಪುಸ್ತಕಗಳಿವೆ. ಕನ್ನಡದ ಪ್ರತಿಯ ಪಕ್ಕದಲ್ಲಿ ಮರಾಠಿಯದೋ ಉರ್ದುವಿನದೋ ಪ್ರತಿ ಇಟ್ಟು ಒಂದೊಂದೇ ಪುಟ ತಿರುವಿದರೆ ಯಾವ ಮಗುವೂ ಹೊರಗೆ ಉಳಿಯುವುದಿಲ್ಲ. ಯಾವುದಾದರೂ ಕಥೆ ಬೇಕಾದ ಭಾಷೆಯಲ್ಲಿ ಇಲ್ಲದಿದ್ದರೆ, ದೊಡ್ಡ ಮಕ್ಕಳು ಕೂಟದಲ್ಲಿ ಕೂತು ಅನುವಾದಿಸಬಹುದು.

ಆ ಭಂಡಾರದಲ್ಲಿ ರಾಜೀವ್ ಐಪ್ ಬರೆದು ಚಿತ್ರ ಬಿಡಿಸಿದ ಒಂದು ಪುಸ್ತಕವಿದೆ, ‘ಅಮ್ಮಚ್ಚೀಸ್ ಅಮೇಜಿಂಗ್ ಮಶೀನ್ಸ್’. ಅಜ್ಜಿ-ಮೊಮ್ಮಗ ಸೇರಿ ಕೊಬ್ಬರಿ ಬರ್ಫಿ ಮಾಡಲು ಹೊರಡುತ್ತಾರೆ. ದಾರಿಯುದ್ದಕ್ಕೂ ರಾಟೆ, ಸನ್ನೆ, ಇಳಿಜಾರು ಹಲಗೆ ಇಂಥ ಸರಳ ಯಂತ್ರಗಳು. ಕಥೆ, ಕೈಕೆಲಸ, ಅಡುಗೆ ಮೂರೂ ಒಂದೇ ಪುಸ್ತಕದಲ್ಲಿ ಹೆಣೆದುಕೊಂಡಿವೆ. ಔರಾದಿನ ಹಳ್ಳಿಯಲ್ಲಿ ತೆಂಗಿನ ಮರ ಎಲ್ಲ ಕಡೆ ಸಿಗದು. ಬಾವಿಯ ರಾಟೆ, ಬೀಸುಕಲ್ಲು, ಎತ್ತಿನ ಬಂಡಿಯ ಗಾಲಿ ಇವೆಯಲ್ಲ. ನೂಲಿನ ಖಾಲಿ ಉರುಳೆಗೆ ದಾರ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿ, ಬುಟ್ಟಿಯಲ್ಲಿ ಪುಸ್ತಕ ಮೇಲೆತ್ತುವ ಆಟ ಮಾಡಿದರೆ ರಾಟೆ ಏನು ಮಾಡುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ದಾಟಿದ ಮಕ್ಕಳಿಗೆ ‘ತೊತ್ತೋ-ಚಾನ್’. ಜಪಾನಿನ ತೆತ್ಸುಕೋ ಕುರೊಯನಾಗಿ 1981ರಲ್ಲಿ ಬರೆದ ಈ ಪುಸ್ತಕ ನ್ಯಾಷನಲ್ ಬುಕ್ ಟ್ರಸ್ಟ್‌ನಿಂದ ಕನ್ನಡದಲ್ಲೂ ಬಂದಿದೆ. ರೈಲು ಡಬ್ಬಿಗಳೇ ತರಗತಿಯಾಗಿದ್ದ ಆ ಶಾಲೆಯಲ್ಲಿ ಮಧ್ಯಾಹ್ನದ ಬುತ್ತಿಯಲ್ಲಿ ಕಡಲಿನದು ಒಂದು, ಬೆಟ್ಟದ್ದು ಒಂದು ಇರಬೇಕು ಎಂದು ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಯಾರ ಡಬ್ಬಿಯಲ್ಲಿ ಏನು ಕಡಿಮೆಯೋ ಅದನ್ನು ಅವರ ಹೆಂಡತಿ ಎರಡು ಪಾತ್ರೆ ಹಿಡಿದು ಬಂದು ಬಡಿಸುತ್ತಿದ್ದರು. ಬೀದರ್‌ನಿಂದ ಕಡಲು ಬಲು ದೂರ. ಇಲ್ಲಿ “ಹೊಲದ್ದೇನು, ಸಂತೆಯದ್ದೇನು?” ಎಂದು ಕೇಳಬಹುದು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಹೊಲದ ಕಡೆ ನಿಲ್ಲುತ್ತವೆ. ಪುಡಿಕೆಯ ಕುರುಕಲು ಎಲ್ಲಿಂದ ಬಂತು ಎಂದು ಹುಡುಕುವುದೇ ಒಂದು ಕೆಲಸ. ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಮುಟ್ಟಿ ತಿನ್ನುವ ಕೂಟ ಇದಾಗಬೇಕು. ನಮ್ಮ ಊರುಗಳಲ್ಲಿ ಅದು ತಾನಾಗಿಯೇ ಆಗುವುದಿಲ್ಲ, ನಡೆಸುವವರು ಮೊದಲ ತುತ್ತು ತೆಗೆದುಕೊಳ್ಳಬೇಕಾಗುತ್ತದೆ.

ಬೀದರ್ ನಗರದಲ್ಲಿ ಕೂಟ ನಡೆಸುವವರಿಗೆ ಬಿದರಿ ಕಲೆ ಮನೆಯಂಗಳದ ಸಿರಿ. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಮಕ್ಕಳಿಗೆ ಕಪ್ಪು ಕಾಗದ, ಚಾಕೊಲೇಟಿನ ಬೆಳ್ಳಿ ಹಾಳೆ, ಅಂಟು ಇಷ್ಟು ಸಾಕು. ಓದಿದ ಕಥೆಯ ಒಂದು ದೃಶ್ಯವನ್ನು ಕಪ್ಪಿನ ಮೇಲೆ ಬೆಳ್ಳಿಯ ಗೆರೆಯಲ್ಲಿ ಮಾಡಲಿ. ಬಣ್ಣ ಎರಡೇ ಇರುವುದರಿಂದ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಮಗು ಯೋಚಿಸಲೇಬೇಕಾಗುತ್ತದೆ. ಕಾಗಕ್ಕನನ್ನು ಬೆಳ್ಳಿಯಲ್ಲಿ ಮಾಡುವುದೋ, ಕಪ್ಪನ್ನೇ ಬಿಟ್ಟು ಸುತ್ತಲಿನ ಮಳೆಯನ್ನು ಬೆಳ್ಳಿ ಮಾಡುವುದೋ?

ತೊಡಕುಗಳಿಲ್ಲ ಎಂದಲ್ಲ. ಕೆಲಸಕ್ಕಾಗಿ ಹೈದರಾಬಾದಿಗೋ ಪುಣೆಗೋ ಹೊರಟ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಕಾಣುವುದಿಲ್ಲ. ಹೋಗುವ ಮಗುವಿನ ಕೈಗೆ ಒಂದು ಪುಸ್ತಕ ಕೊಟ್ಟು ಕಳಿಸುವುದು, ಬಾರದಿದ್ದರೂ ಚಿಂತೆಯಿಲ್ಲ ಎಂದುಕೊಳ್ಳುವುದು ಒಳ್ಳೆಯದು. ತಮ್ಮ-ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬರುವ ಹುಡುಗಿಯರಿಗೆ “ಅದನ್ನು ಮನೆಯಲ್ಲಿ ಬಿಟ್ಟು ಬಾ” ಎಂದರೆ ಅವರೂ ಬರುವುದಿಲ್ಲ. ಮೂಲೆಯಲ್ಲಿ ಒಂದು ಕೌದಿ ಹಾಸಿ, ಪುಟ್ಟವರಿಗೆ ಚಿತ್ರದ ಪುಸ್ತಕ ಕೊಟ್ಟರೆ ಆಯಿತು. ಹುಡುಗರು ಅಡುಗೆಯಿಂದ ಜಾರಿಕೊಳ್ಳದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ಎಳ್ಳ ಅಮಾವಾಸ್ಯೆ ಬಂದಾಗ ಕೂಟ ಹೊಲಕ್ಕೆ ಹೋಗಬೇಕು. ಬೀದರ್ ಸೀಮೆಯ ಊರೂರೇ ಅಂದು ಹೊಲದಲ್ಲಿ ಇರುತ್ತದೆ. ಹಸಿ ಕಡಲೆ, ತೊಗರಿ, ಅವರೆ, ಸೊಪ್ಪು, ತರಕಾರಿ ಎಲ್ಲ ಕೂಡಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಯಾವ ಮುದ್ರಿತ ಪುಸ್ತಕವನ್ನೂ ಅಂದು ಒಯ್ಯಬೇಕಾಗಿಲ್ಲ. ದಪ್ಪ ರಟ್ಟಿನ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ಮಕ್ಕಳು ತಮ್ಮ ತಮ್ಮ ಆಯಿಯ (ಅಜ್ಜಿಯ) ಪಕ್ಕದಲ್ಲಿ ಕೂತು, ಅವರು ಹೇಳಿದಂತೆ ಭಜ್ಜಿಯನ್ನೂ ಅಂಬಲಿಯನ್ನೂ ಬರೆದುಕೊಳ್ಳಬೇಕು. ಆಯಿ ಮರಾಠಿಯಲ್ಲಿ ಹೇಳಿದರೆ ಮಗು ಕನ್ನಡದಲ್ಲಿ ಬರೆಯಲಿ, ಇಲ್ಲವೇ ಮರಾಠಿಯಲ್ಲೇ ಬರೆಯಲಿ. ಆಯಿಗಳ ಅಳತೆ ಗ್ರಾಂ-ಲೀಟರಿನದಲ್ಲ. ಒಂದು ಹಿಡಿ, ಒಂದು ಬೊಗಸೆ, ಒಂದು ಚರಿಗಿ. “ಆಯಿ, ಒಂದ್ ಚರಿಗಿ ಮಜ್ಜಿಗಿ ಅಂದ್ರ ಎಷ್ಟು?” ಎಂದು ಮಗು ಕೇಳಿದರೆ ಚರಿಗಿಯನ್ನೇ ಕೈಗೆ ಕೊಡಬೇಕು. ಲೋಟದಿಂದ ನೀರು ಸುರಿದು ಎಣಿಸಲಿ. ಐದು ಲೋಟ ಹಿಡಿದರೆ ಐದೆಂದು ಬರೆದು, ಪುಟದ ಮೇಲ್ಗಡೆ ಆಯಿಯ ಹೆಸರನ್ನೂ ಬರೆಯಲಿ.